ಮಾರಾಟಕ್ಕೆ ಕಾರಣ: ಹೆಂಡತಿ

ನನ್ನ ಬಲಗಾಲಿನ ಮೀನಖಂಡದ ಮೇಲೆ ಒಂದು ಸುಟ್ಟ ಕಲೆ ಇದೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಈಗೀಗ ಬಣ್ಣ ಮಾಸುತ್ತಿದೆ. ಮೊನ್ನೆ ಯೋಗದ ಕ್ಲಾಸಿನಲ್ಲಿ ಕಾಲು ಮೇಲೆತ್ತಿ ಮಲಗಿದ್ದಾಗ ಟೀಚರು ಅದನ್ನು ನೋಡಿ, ಪಾಪ, ಅಡುಗೆ ಮಾಡುವಾಗ ಸುಟ್ಟುಕೊಂಡಿರಾ ಎಂದು ಕೇಳಿದಳು. ಸೀರೆಯ ದೇಶದಿಂದ ಬಂದ ಹೆಂಗಸಿಗೆ ಮೈ ಸುಟ್ಟುಕೊಳ್ಳಲು ಒಲೆ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂಬುದು ಅವಳ ಅಂದಾಜು. "ಅಲ್ಲ, ರೇಸ್ ಕಾರಿನಿಂದ" ಎಂದೆ. ಅವಳು ನಕ್ಕು, ಉಸಿರಿನ ಕಡೆ ಗಮನ ಕೊಡಿ ಎಂದು ಹೇಳಿ ಮುಂದೆ ಹೋದಳು.

ಸುಟ್ಟ ಕಲೆ ನನಗೇನೂ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಮಂಡ್ಯದಲ್ಲಿ ಮೋಟರ್ ಬೈಕು ಇದ್ದ ಮನೆಯ ಮಕ್ಕಳೆಲ್ಲರ ಕಾಲಿನಲ್ಲೂ ಸೈಲೆನ್ಸರಿನ ಗುರುತು ಇರುತ್ತಿತ್ತು. ಅಪ್ಪ ಸಕ್ಕರೆ ಫ್ಯಾಕ್ಟರಿಯಿಂದ ಬಂದು ಬೈಕು ನಿಲ್ಲಿಸುತ್ತಿದ್ದ ಹಾಗೆಯೇ ನಾವು ಹತ್ತಲು ಹೋಗುತ್ತಿದ್ದೆವು, ಚುರ್ ಎನ್ನುತ್ತಿತ್ತು. ಅಮ್ಮ ದೋಸೆ ಹಿಟ್ಟು ಹಚ್ಚಿದರೆ ಅಜ್ಜಿ ಅದನ್ನು ಒರೆಸಿ ಶಾಯಿ ಹಚ್ಚುತ್ತಿದ್ದರು. ಸ್ಕೂಲಿನಲ್ಲಿ ಆ ಗುರುತಿಗೆ ಭಾರಿ ಗೌರವ. ನನ್ನ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಇಸ್ತ್ರಿಪೆಟ್ಟಿಗೆ ತಗುಲಿಸಿಕೊಂಡದ್ದನ್ನು ಸೈಲೆನ್ಸರ್ ಎಂದು ಹೇಳಿಕೊಂಡು ಒಂದು ಟರ್ಮು ಪೂರ್ತಿ ಮೆರೆದಳು. ನಕಲಿನ ಮೇಲೆ ಮನುಷ್ಯರಿಗಿರುವ ಮೋಹವನ್ನು ನಾನು ಮೊದಲು ಕಂಡದ್ದು ಅವಳಲ್ಲಿ. ಎರಡನೆಯ ಸಲ ಕಂಡದ್ದು ನನ್ನ ಗಂಡನಲ್ಲಿ.

ನಮ್ಮ ಮನೆಯವರ ಹೆಸರು ಚಂದ್ರಶೇಖರ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ನಮ್ಮ ಹೇವರ್ಡಿನ ಕನ್ನಡದವರಿಗೆಲ್ಲ ಚಂದ್ರು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದಾರೆ, ಬೇರೆಯವರು ಮಾಡಿದ ಕೆಲಸದಲ್ಲಿ ಏನೇನು ಕೆಡಬಹುದು ಎಂದು ಯೋಚಿಸುವುದೇ ಅವರ ಉದ್ಯೋಗ. ಆಫೀಸಿನಲ್ಲಿ ಮಾಡಿದ್ದು ಸಾಲದೆಂದು ಮನೆಗೂ ಅದನ್ನು ತರುತ್ತಾರೆ. ಹಸಿರು ದೀಪ ಕಂಡರೂ ಬ್ರೇಕಿನ ಮೇಲೆ ಕಾಲಿಡುತ್ತಾರೆ, ಯಾಕೆಂದರೆ ಅದು ಇನ್ನೇನು ಹಳದಿಯಾಗಬಹುದು. ಕುಕ್ಕರಿನ ಮೂರನೇ ಸೀಟಿ ತಡವಾದರೆ ಅಡುಗೆಮನೆಯಿಂದ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಇಂಥ ಮನುಷ್ಯ ಐವತ್ತು ತುಂಬಿದ ವರ್ಷ ಒಂದು ದಿನ ಊಟಕ್ಕೆ ಕುಳಿತಾಗ, ರಸಂ ಕಲೆಸುತ್ತಾ, "ಶೈಲಾ, ಒಂದು ಸ್ಪೋರ್ಟ್ಸ್ ಕಾರು ನೋಡಿದೀನಿ" ಎಂದರು.

ಅದು ಅರವತ್ತರ ದಶಕದ ಯಾವುದೋ ರೇಸ್ ಕಾರಿನ ನಕಲಂತೆ. ಅಸಲಿ ಕಾರುಗಳು ಪ್ರಪಂಚದಲ್ಲಿ ಕೆಲವೇ ಉಳಿದಿವೆ, ಅವನ್ನು ಕೊಳ್ಳುವವರು ನಮ್ಮಂಥವರಲ್ಲ. ಅದಕ್ಕೇ ಅದೇ ಅಚ್ಚಿನಲ್ಲಿ ಫೈಬರ್ ಮೈ ಎರಕ ಹೊಯ್ದು, ಒಳಗೆ ಅಸಲಿಗಿಂತಲೂ ದೈತ್ಯ ಇಂಜಿನ್ನು ಕೂರಿಸಿ ಮಾರುತ್ತಾರೆ. ಎರಡೇ ಸೀಟು. ಚಾವಣಿ ಇಲ್ಲ, ಏಸಿ ಇಲ್ಲ, ರೇಡಿಯೊ ಇಲ್ಲ, ಈ ಕಾಲದ ಕಾರು ಡ್ರೈವರನ ತಪ್ಪನ್ನು ತಾನೇ ತಿದ್ದುವ ಯಾವ ಉಪಾಯವೂ ಇಲ್ಲ. "ಹಾಗಾದ್ರೆ ಡೂಪ್ಲಿಕೇಟು" ಎಂದೆ. ಅವರಿಗೆ ನೋವಾಯಿತು. "ದೇವಸ್ಥಾನದಲ್ಲಿ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಬರುತ್ತಾ? ಬೀದೀಲಿ ಮೆರವಣಿಗೆ ಹೋಗೋದು ಉತ್ಸವಮೂರ್ತಿ. ಇದು ಉತ್ಸವಮೂರ್ತಿ ಕಣೇ" ಎಂದರು. ಆಮೇಲೆ ನಾನು ವಾದ ಮಾಡಲಿಲ್ಲ. ಆ ಮಾತನ್ನು ಅವರು ಬಹಳ ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದರು ಎಂದು ಗೊತ್ತಾಗುತ್ತಿತ್ತು.

ಕಾರು ಇದ್ದದ್ದು ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ, ನಿವೃತ್ತರಾದ ದಂತವೈದ್ಯರೊಬ್ಬರ ಗ್ಯಾರೇಜಿನಲ್ಲಿ. ನೀಲಿ ಮೈ, ನಡುವೆ ಎರಡು ಬಿಳಿ ಪಟ್ಟೆ, ಎರಡೂ ಪಕ್ಕದಲ್ಲಿ ಒನಕೆಯಂಥ ಸೈಲೆನ್ಸರು. ಅದು ಓಡಿದ್ದು ಎಷ್ಟು ಕಡಿಮೆಯೆಂದರೆ, ನಮ್ಮ ಮಗಳು ಮೇಘನಾಳನ್ನು ಕನ್ನಡ ಕ್ಲಾಸಿಗೆ ಬಿಡುವುದಕ್ಕೇ ನಮ್ಮ ಮಿನಿವ್ಯಾನು ಅದಕ್ಕಿಂತ ಹೆಚ್ಚು ಓಡಿತ್ತು. ಡಾಕ್ಟರಿಗಿಂತ ಹಿಂದಿನವನೂ, ಅವನಿಗಿಂತ ಹಿಂದಿನವನೂ ಬೇಗನೆ ಮಾರಿದ್ದರಂತೆ. ನೀವು ಯಾಕೆ ಮಾರುತ್ತಿದ್ದೀರಿ ಎಂದು ನಮ್ಮವರು ಕೇಳಿದರು. ಡಾಕ್ಟರು ಮನೆಯ ಕಡೆ ತಲೆಯಾಡಿಸಿ, ಹೆಂಡತಿ, ಎಂದರು. ಇಬ್ಬರೂ ಹಳೇ ಸ್ನೇಹಿತರಂತೆ ನಕ್ಕರು. ಆ ಹೆಂಡತಿ ನಿಂಬೆ ಪಾನಕ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿದ ಆ ನೋಟ ಆಗ ನನಗೆ ಅರ್ಥವಾಗಲಿಲ್ಲ.

ಮನೆಗೆ ಬರುವಾಗ ಅವರು ಆ ಕಾರಿನಲ್ಲಿ, ನಾನು ಹಿಂದೆ ಮಿನಿವ್ಯಾನಿನಲ್ಲಿ. ಫ್ರೀವೇ ಹತ್ತಿದರೆ ಹಾರಿ ಹೋಗುತ್ತಾರೆ, ನಾನು ಹಿಂದೆ ಬೀಳುತ್ತೇನೆ ಎಂದುಕೊಂಡಿದ್ದೆ. ಅವರು ಕೊನೆಯ ಲೇನಿನಲ್ಲಿ, ಮರಳು ತುಂಬಿದ ಲಾರಿಯೊಂದರ ಹಿಂದೆ, ಹೇವರ್ಡಿನವರೆಗೂ ಬಂದರು. ಅಷ್ಟು ಕುದುರೆಶಕ್ತಿಯ ಇಂಜಿನ್ನು ಲಾರಿಯ ಹಿಂದೆ ಗುರುಗುಟ್ಟುತ್ತಾ ಬರುವುದನ್ನು ಕಂಡು ಪಕ್ಕದ ಲೇನಿನ ಹುಡುಗರು ಹಾರ್ನು ಹೊಡೆದು ಹುರಿದುಂಬಿಸಿದರು. ಇಳಿದಾಗ ಮೈಯೆಲ್ಲ ಬೆವರು, ತಲೆಗೂದಲ ತುಂಬ ಮರಳು. "ಹೇಗಿತ್ತು?" ಎಂದೆ. "ಅದ್ಭುತ" ಎಂದರು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ.

ನಮ್ಮಲ್ಲಿ ಹೊಸ ಕಾರು ಬಂದರೆ ಅದು ಒಂದು ಮನೆಯವರದೇ ಆಗಿ ಉಳಿಯುವುದಿಲ್ಲ ಎಂಬುದು ನಿಮಗೂ ಗೊತ್ತು. ಕನ್ನಡದವರೆಲ್ಲ ಬಂದು ಸಿಹಿ ತಿಂದು ಒಂದು ರೌಂಡು ಹೋಗಿ ಬರಲೇಬೇಕು. ಮೊದಲು ಬಂದವನು ಹಾಸನದ ನಂಜುಂಡ. ನಮ್ಮವರ ಇಪ್ಪತ್ತು ವರ್ಷದ ಸ್ನೇಹಿತ, ಯಾರ ಮನೆಯ ವಿಷಯವನ್ನಾದರೂ ಅವರಿಗಿಂತ ಚೆನ್ನಾಗಿ ವಿವರಿಸಬಲ್ಲವನು. ಆಮೇಲೆ ಅವನ ಹೆಂಡತಿ, ಆಮೇಲೆ ಉಳಿದವರು. ಎರಡೇ ಸೀಟಾದ್ದರಿಂದ ಡ್ರೈವ್‌ವೇನಲ್ಲಿ ಮೈಸೂರುಪಾಕು ಹಿಡಿದು ಕ್ಯೂ ನಿಲ್ಲುತ್ತಿದ್ದರು. ನಮ್ಮವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಬ್ಲಾಕು ಸುತ್ತಿ ಬರುವರು. "ಫ್ರೀವೇಗೆ ಹೋಗೋಣ ನಡಿ ಗುರೂ" ಎಂದರೆ ಒಂದು ದಿನ ಟೈರು ತಣ್ಣಗಿರುತ್ತಿತ್ತು, ಒಂದು ದಿನ ಇಂಜಿನ್ನು ಬಿಸಿಯಾಗಿರುತ್ತಿತ್ತು. ಮಂಜಿದ್ದರೆ ಮಂಜು, ಬಿಸಿಲಿದ್ದರೆ ಬಿಸಿಲು. ನಾನು ಸೀರೆಯುಟ್ಟು ಹೋದ ದಿನ ಇಳಿಯುವಾಗ ಕಾಲು ಆ ಸೈಲೆನ್ಸರಿಗೆ ತಗುಲಿತು. ಮಂಡ್ಯದ ನೆನಪಾಗಿ ನೋವಿನ ನಡುವೆಯೂ ನಗು ಬಂತು.

ಬರಬರುತ್ತಾ ಅವರು ಕಾರು ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚಾಯಿತು. ಭಾನುವಾರ ಬೆಳಗ್ಗೆ ಎದ್ದು, ಹಬ್ಬದ ಹಿಂದಿನ ದಿನ ನಾನು ಬೆಳ್ಳಿ ಸಾಮಾನು ಉಜ್ಜುವ ಹಾಗೆ ಅದನ್ನು ಉಜ್ಜಿ, ಹೊದಿಕೆ ಹೊದಿಸಿ, ನನ್ನೊಡನೆ ಮಿನಿವ್ಯಾನಿನಲ್ಲಿ ಗ್ರೋಸರಿಗೆ ಹೊರಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅತ್ತೆ ಬಂದರು. ಗ್ಯಾರೇಜಿಗೆ ಹೋಗಿ ಕಾರನ್ನು ಒಂದು ಸುತ್ತು ಹಾಕಿ ಬಂದು, "ಅದೇನ್ ಕಾರ್ಲಾ ಚಂದ್ರು, ತಲೆ ಮ್ಯಾಲೆ ಸೂರೇ ಇಲ್ವಲ್ಲಾ. ಮಳೆ ಬಂದ್ರೆ ಏನ್ ಮಾಡೀಯೇ?" ಎಂದರು.

"ಇಲ್ಲಿ ಮಳೆ ಕಮ್ಮಿ ಅಮ್ಮ."

"ಕಮ್ಮಿ ಆದ್ರೂ ಬರಾಕಿಲ್ವಾ?"

ಟೆಸ್ಟಿಂಗು ನಮ್ಮವರಿಗೆ ಎಲ್ಲಿಂದ ಬಂದದ್ದು ಎಂದು ನನಗೆ ಆ ದಿನ ತಿಳಿಯಿತು.

ಆಯುಧಪೂಜೆಗೆ ಅತ್ತೆ ಇಡೀ ಬೂದುಗುಂಬಳಕಾಯಿಯೇ ಬೇಕೆಂದು ಹಟ ಹಿಡಿದರು. ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಅದನ್ನು ಹೋಳು ಮಾಡಿ ಪ್ಲಾಸ್ಟಿಕ್ಕು ಸುತ್ತಿ ಮಾರುತ್ತಾರೆ. ಹೋಳಿನಿಂದ ದೃಷ್ಟಿ ಹೋಗುತ್ತದೆಯೆ? ಅಂಗಡಿಯವರಿಗೆ ಮೊದಲೇ ಹೇಳಿಟ್ಟು, ಮಗುವಿನಷ್ಟು ತೂಕದ ಒಂದು ಕಾಯಿಯನ್ನು ಸೀಟ್ ಬೆಲ್ಟು ಹಾಕಿ ಮನೆಗೆ ತಂದೆವು. ಹಬ್ಬದ ದಿನ ನಂಜುಂಡನ ಸಂಸಾರ ಊಟಕ್ಕೆ ಬಂದಿತ್ತು. ಕಾರಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಅತ್ತೆ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ನಿವಾಳಿಸಿದರು. ನಂಜುಂಡ ಅದನ್ನೆತ್ತಿ ಡ್ರೈವ್‌ವೇ ಮಧ್ಯಕ್ಕೆ ಅಪ್ಪಳಿಸಿದ. ಕುಂಕುಮ ಬೆರೆತ ತಿರುಳು ಇಳಿಜಾರಿನ ಉದ್ದಕ್ಕೂ ಹರಡಿತು. ಊರಿನಲ್ಲಿ ಈ ತಿರುಳಿನ ಮೇಲೆ ಜಾರಿ ಬಿದ್ದ ಬೈಕುಗಳನ್ನು ನಾವೆಲ್ಲ ನೋಡಿದವರೇ, ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಏನೇನು ಕೆಡಬಹುದೆಂದು ಯೋಚಿಸಿಯೇ ಸಂಬಳ ತೆಗೆದುಕೊಳ್ಳುವವರಿಗೂ ಹೊಳೆಯಲಿಲ್ಲ.

ನಮ್ಮವರು ಹತ್ತಿ ಕುಳಿತು, ನಿಂಬೆಹಣ್ಣು ತುಳಿಸಲು ಆಕ್ಸಿಲರೇಟರನ್ನು ಚೂರು ಒತ್ತಿದರು. ಆ ಕಾರಿಗೆ ಚೂರು ಎಂಬುದಿಲ್ಲ. ನಿಂಬೆಹಣ್ಣು ಅಪ್ಪಚ್ಚಿಯಾದದ್ದು ಕಂಡಿತು, ಹಿಂದಿನ ಚಕ್ರಗಳು ತಿರುಳಿಗೆ ಸಿಕ್ಕು ಬುಗುರಿಯ ಹಾಗೆ ತಿರುಗಿದವು, ಇಡೀ ಕಾರು ಕೂಗುತ್ತಾ ಒಂದು ಸುತ್ತು ಸುತ್ತಿ, ಪಕ್ಕದ ಮನೆಯ ಹುಲ್ಲಿನ ಮೇಲೆ ಹೋಗಿ, ನಮ್ಮ ಮನೆಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ಮನೆಯವರ ರೋಸ್‌ಮೇರಿ ಗಿಡಗಳು ಮಾತ್ರ ನೆಲ ಕಚ್ಚಿದವು. ಪಕ್ಕದ ಮನೆಯ ಮುದುಕರು ಕಾಫಿ ಕಪ್ಪು ಹಿಡಿದು ಹೊರಗೆ ಬಂದು, ಇದು ಪೂಜೆಯ ಒಂದು ಭಾಗವೇ ಎಂದು ವಿಚಾರಿಸಿದರು. ಮೇಘನಾ ಕಣ್ಣು ಮಿಟುಕಿಸದೆ, "ಯೆಸ್, ದಿ ಮೇನ್ ಪಾರ್ಟ್" ಎಂದಳು.

"ದೃಷ್ಟಿ ಕಳೀತು ಬುಡು" ಎಂದರು ಅತ್ತೆ.

"ಏನ್ ಗುರೂ! ಸಖತ್ತಾಗಿ ರೌಂಡ್ ಹೊಡೆಸ್ಬಿಟ್ಟೆ! ನಮ್ಮನೆಯವಳು ಪೂರ್ತಿ ವಿಡಿಯೋ ಮಾಡ್ಕೊಂಡ್ಲು!" ಎಂದು ನಂಜುಂಡ ಚಪ್ಪಾಳೆ ಹೊಡೆದ.

ನಾನು ಕಾರಿನ ಹತ್ತಿರ ಓಡಿದೆ. ಅವರು ನೆಟ್ಟಗೆ ಕುಳಿತಿದ್ದರು. ಕೊರಳಿಗೆ ಎಲ್ಲಿಂದಲೋ ಹಾರದ ತುಂಡೊಂದು ಬಂದು ಬಿದ್ದಿತ್ತು. "ಶೈಲಾ, ಕೈ ಬರ್ತಿಲ್ಲ ಕಣೇ" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಕೀ ತಿರುಗಿಸಿ ಇಂಜಿನ್ನು ಆರಿಸಿದೆ. ಆಮೇಲೆ ಸ್ಟಿಯರಿಂಗಿನಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬೆರಳು ಮಂಜುಗಡ್ಡೆ. ನನಗೆ ಅಳು ಬಂತು. ಅಷ್ಟರಲ್ಲಿ ನಂಜುಂಡ ಬಂದ, ಇವರು ಎದ್ದು ನಿಂತು ಎಲ್ಲರಿಗೂ ಕೈ ಬೀಸಿದರು. ಊಟಕ್ಕೆ ಕುಳಿತಾಗ ಆ ಸುತ್ತು ಹೊಡೆಸುವ ವಿದ್ಯೆಯ ಬಗ್ಗೆ ನಂಜುಂಡ ಕೇಳಿದ ಪ್ರಶ್ನೆಗಳಿಗೆಲ್ಲ ಗಂಭೀರವಾಗಿ ಉತ್ತರ ಕೊಟ್ಟರು.

ಅದಾದ ಮೇಲೆ ಒಂದು ವಾರಕ್ಕೆ ಮೇಘನಾ ಫೋನು ಹಿಡಿದು ಬಂದು, "ಅಮ್ಮಾ, ಯು ಆರ್ ಫೇಮಸ್" ಎಂದಳು. ಕಾರು ಮಾರಾಟದ ಜಾಹೀರಾತು. ಅಪರೂಪದ ಕಾರು, ಮಗುವಿನಂತೆ ನೋಡಿಕೊಂಡಿದ್ದೇವೆ, ಮಾರಾಟಕ್ಕೆ ಕಾರಣ: ಹೆಂಡತಿ. ಕುತೂಹಲಕ್ಕೆ ಅಂಥದೇ ಬೇರೆ ಕಾರುಗಳ ಜಾಹೀರಾತು ನೋಡುತ್ತಾ ಹೋದೆ. ಎಲ್ಲ ಕಾರುಗಳೂ ಹೊಸದರಂತಿದ್ದವು, ಎಲ್ಲವನ್ನೂ ಕೊಂಡವರು ಎರಡು ಬೇಸಿಗೆ ಕಳೆಯುವುದರೊಳಗೆ ಮಾರುತ್ತಿದ್ದರು. ಒಬ್ಬನಿಗೆ ಗ್ಯಾರೇಜು ಚಿಕ್ಕದು, ಒಬ್ಬನಿಗೆ ಬೆನ್ನುನೋವು, ಉಳಿದವರಿಗೆಲ್ಲ ಹೆಂಡತಿ. ಭಯವಾಯಿತು ಎಂದು ಬರೆದವನು ಒಬ್ಬನೂ ಇಲ್ಲ. ಇಷ್ಟು ದೊಡ್ಡ ದೇಶದ ಗಂಡಸರ ಪುಕ್ಕಲುತನವನ್ನೆಲ್ಲ ಹೆಂಗಸರು ಹೊತ್ತುಕೊಂಡು ತಿರುಗುತ್ತಿದ್ದೇವೆ ಎಂದು ಗೊತ್ತಾಗಿ ನನಗೆ ಮೈಯೆಲ್ಲ ಉರಿಯಿತು. ಪಾನಕ ಹಿಡಿದು ನಿಂತಿದ್ದ ಆ ಡಾಕ್ಟರ ಹೆಂಡತಿಯ ನೋಟ ಆಗ ಅರ್ಥವಾಯಿತು.

ಸಾಲದ್ದಕ್ಕೆ ನಂಜುಂಡನ ಫೋನು. "ಶೈಲಾ ಅವ್ರೇ, ತಪ್ಪು ತಿಳ್ಕೋಬೇಡಿ. ಪಾಪ, ಅವ್ನಿಗೆ ಅದೊಂದೇ ಆಸೆ ಇತ್ತು. ಒಂದು ರೌಂಡ್ ಹೊಡೆಸ್ದ ಅಂತ ಕಾರೇ ಮಾರಿಸ್ಬಿಡೋದಾ?" ಎಂದ. ಶನಿವಾರದ ಹೊತ್ತಿಗೆ ಹೇವರ್ಡಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕನ್ನಡದವರಿಗೆಲ್ಲ ನಾನು ಗಂಡನ ರೆಕ್ಕೆ ಕತ್ತರಿಸಿದವಳಾಗಿದ್ದೆ.

"ಭಯ ಆಯ್ತು ಅಂತ ಹೇಳೋಕೆ ಏನ್ರೀ ಕಷ್ಟ?" ಎಂದು ನಮ್ಮವರನ್ನು ಕೇಳಿಯೇ ಬಿಟ್ಟೆ.

"ಯಾರಿಗೆ ಭಯ?"

"ಬೆರಳು ಬಿಡಿಸಿದ್ದು ನಾನು."

ಅವರು, "ಎಲ್ಲರೂ ಹಾಗೇ ಹಾಕ್ತಾರೆ ಕಣೇ. ಹೆಂಡತಿ ಅಂದ್ರೆ ಯಾರೂ ಮತ್ತೆ ಪ್ರಶ್ನೆ ಕೇಳಲ್ಲ. ಅದು ಸ್ಟ್ಯಾಂಡರ್ಡು" ಎಂದರು.

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಚಿಕ್ಕೋನಿದ್ದಾಗ್ಲೂ ಹಿಂಗೇ ಕಣವ್ವ. ಸೇತ್ವೆ ಮ್ಯಾಲಿಂದ ನಾಲೆಗೆ ಹಾರ್ದೆ ಅಂತ ಬೀದಿಗೆಲ್ಲಾ ಹೇಳ್ಕೊಂಡ್ ಬರೋನು. ಚಡ್ಡಿ ಮುಟ್ ನೋಡುದ್ರೆ ಒಣಗ್ದಂಗೇ ಇರೋದು."

"ನೀವು ಕೇಳ್ಲಿಲ್ವಾ ಅತ್ತೆ?"

"ಕೇಳೋದೇನ್ ಬಂತು? ಹಾರ್ಲಿಲ್ವಲ್ಲಾ, ಅಷ್ಟ್ ಸಾಕಾಗಿತ್ತು ನಂಗೆ."

ನಮ್ಮವರು ಎದ್ದು ಗ್ಯಾರೇಜಿಗೆ ಹೋಗಿ ಕಾರು ಒರೆಸತೊಡಗಿದರು. ಅತ್ತೆಗೆ ಸಾಕಾಗಿದ್ದಿರಬಹುದು, ನನಗೆ ಸಾಕಾಗಲಿಲ್ಲ. ಕಾರು ಇರಲಿ ಹೋಗಲಿ, ಬಂದ ಬೆಲೆಗೆ ಬೇಕಾದರೆ ಮಾರಲಿ. ಇವಳಲ್ಲ, ನಾನು, ಎಂಬ ಒಂದು ಮಾತು ಅವರ ಬಾಯಿಂದ ನಾಲ್ಕು ಜನರೆದುರಿಗೆ ಬರಬೇಕಿತ್ತು.

ಕಾರು ನೋಡಲು ಬಂದವನು ಫೈಸಲ್ ಎಂಬ ಮೈಸೂರಿನ ಹುಡುಗ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟಾರ್ಟಪ್ಪಿನಲ್ಲಿ ಕೆಲಸ, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಜೊತೆಗೆ ಹೆಂಡತಿ ಸಮೀನಾ. ವ್ಯಾಪಾರಕ್ಕೆ ಸಹಾಯ ಮಾಡುತ್ತೇನೆಂದು ನಂಜುಂಡನೂ ಹಾಜರು. ಫೈಸಲ್ ಕಾರಿನ ಸುತ್ತ ಮೂರು ಸಲ ತಿರುಗಿ, ಬಾನೆಟ್ಟು ಎತ್ತಿ ಇಳಿಸಿ, "ಅಣ್ಣಾ, ಇಷ್ಟ್ ಚೆನ್ನಾಗಿದೆ, ಯಾಕ್ ಮಾರ್ತಿದೀರಾ? ಭಾಭಿ ಬೇಡ ಅಂದ್ರಂತೆ?" ಎಂದು ನನ್ನತ್ತ ನೋಡಿ ನಕ್ಕ.

ನಾನು ನಿಪ್ಪಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ನಗಲಿಲ್ಲ. ನಮ್ಮವರು ನನ್ನನ್ನು ನೋಡಿದರು, ಕಾರನ್ನು ನೋಡಿದರು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಅವಳಲ್ಲಪ್ಪ" ಎಂದರು. "ಅವಳು ಒಂದ್ ಮಾತೂ ಅಂದಿಲ್ಲ. ನನಗೆ ಈ ಕಾರು ಕಂಡ್ರೆ ಭಯ. ಹತ್ತಿ ಕೂತ್ರೆ ಕಾಲು ನಡುಗುತ್ತೆ. ಆವತ್ತು ನಾನು ರೌಂಡ್ ಹೊಡೆಸ್ಲಿಲ್ಲ ನಂಜುಂಡ, ಕುಂಬಳಕಾಯಿ ಮೇಲೆ ಜಾರಿದ್ದು. ಸ್ಟಿಯರಿಂಗ್ ಬಿಡೋಕೂ ಆಗದೆ ಕೂತಿದ್ದೆ. ಇವಳು ಬಂದು ಬೆರಳು ಬಿಡಿಸಿದ್ಲು."

ಮದುವೆಯಾದ ಲಾಗಾಯ್ತು ಅವರು ನನಗೆ ಕೊಟ್ಟ ಒಡವೆ ವಸ್ತ್ರ ಯಾವುದೂ ಆ ಮಾತಿನಷ್ಟು ಸಂತೋಷ ಕೊಟ್ಟಿರಲಿಲ್ಲ.

ಇನ್ನು ವ್ಯಾಪಾರ ಕೆಟ್ಟಿತು ಎಂದೇ ತಿಳಿದೆ. ಫೈಸಲನ ಕಣ್ಣು ನೋಡಿದರೆ ಅಲ್ಲಿ ದೀಪಾವಳಿ. "ಅಷ್ಟೊಂದು ಪವರ್ ಇದೆಯಾ ಅಣ್ಣಾ?" ಎಂದ. ಆಮೇಲೆ ಚೌಕಾಸಿಯನ್ನೂ ಮಾಡಲಿಲ್ಲ. ಭಯವೆಂಬುದು ಹಿಂದಿನ ಓನರಿಗೆ ಬರುವಂಥದ್ದು, ತನಗಲ್ಲ ಎಂಬ ನಂಬಿಕೆ ಅವನ ಮುಖದ ಮೇಲೆ ನಮ್ಮವರ ಮುಖದಲ್ಲಿ ಒಂದು ಕಾಲಕ್ಕೆ ಇದ್ದಷ್ಟೇ ಚೆನ್ನಾಗಿ ಹೊಳೆಯುತ್ತಿತ್ತು. ಸಮೀನಾ ನನ್ನ ಪಕ್ಕಕ್ಕೆ ಸರಿದು, "ಆಂಟಿ, ಇದನ್ನ ಎಷ್ಟ್ ದಿನಕ್ಕೆ ಮಾರ್ತಾರೆ?" ಎಂದು ಮೆಲ್ಲಗೆ ಕೇಳಿದಳು. "ಬೇಗ ಮಾರ್ತಾರಮ್ಮ. ಮಾರೋವಾಗ ನಿನ್ ಹೆಸರು ಹಾಕ್ದಂಗೆ ನೋಡ್ಕೋ" ಎಂದೆ.

ಇಲ್ಲಿಗೆ ನನ್ನ ಮೇಲಿನ ಅಪವಾದ ತೊಳೆದು ಹೋಗಬೇಕಿತ್ತು. ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಹೋದಾಗ ನಾನು ಒಳ್ಳೆಯ ಮೈಸೂರು ಸಿಲ್ಕು ಉಟ್ಟು ತಲೆಯೆತ್ತಿಕೊಂಡೇ ಹೋದೆ. ನೋಡಿದರೆ ನಂಜುಂಡ ನಮಗಿಂತ ಮೊದಲೇ ಬಂದು ಕಥೆ ಹೇಳಿ ಮುಗಿಸಿದ್ದ. "ಎಂಥಾ ಗಂಡ ರೀ! ಹೆಂಡ್ತಿ ಮರ್ಯಾದೆ ಉಳಿಸೋಕೆ ನಾನೇ ಪುಕ್ಕಲ ಅಂತ ಎಲ್ಲರೆದುರಿಗೆ ಒಪ್ಕೊಂಡ. ರೌಂಡ್ ಹೊಡೆಸಿದ್ದು ನಾನೇ ಕಣ್ಣಾರೆ ನೋಡಿದೀನಿ, ವಿಡಿಯೋ ಇದೆ" ಎಂದು ಎಲೆಯ ಮುಂದೆ ಕುಳಿತವರಿಗೆಲ್ಲ ತೋರಿಸುತ್ತಿದ್ದ. ನಮ್ಮವರು, "ಇಲ್ಲಪ್ಪ, ನಿಜವಾಗ್ಲೂ ಭಯ ಆಗಿತ್ತು" ಎಂದು ಒಬ್ಬೊಬ್ಬರಿಗೂ ಹೇಳಿದರು. ಅವರು ಹೇಳಿದಷ್ಟೂ ಜನ ಅವರ ಬೆನ್ನು ತಟ್ಟಿದರು, ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಕೈ ತೊಳೆಯುವ ಜಾಗದಲ್ಲಿ ಇಬ್ಬರು ಹೆಂಗಸರು ನನ್ನನ್ನು ಅಡ್ಡಗಟ್ಟಿ, "ನಮ್ಮನೆಯವರು ದೋಣಿ ತಗೋಬೇಕು ಅಂತ ಕುಣೀತಿದಾರೆ. ನೀವು ಹೆಂಗೆ ಬಗ್ಗಿಸಿದ್ರಿ ಸ್ವಲ್ಪ ಹೇಳ್ಕೊಡಿ" ಎಂದು ಕೇಳಿದರು.

ಮಧ್ಯಾಹ್ನದ ಬಿಸಿಲಿನಲ್ಲಿ ಮಿನಿವ್ಯಾನಿನಲ್ಲಿ ಮನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆಯೂ ಮೇಘನಾಳೂ ತೂಕಡಿಸುತ್ತಿದ್ದರು. ನಮ್ಮವರು ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದು, ಫ್ರೀವೇಯ ಕೊನೆಯ ಲೇನಿನಲ್ಲಿ ಎಲ್ಲರಿಗೂ ದಾರಿ ಬಿಡುತ್ತಾ ಓಡಿಸುತ್ತಿದ್ದರು. "ಇದ್ದದ್ದನ್ನ ಇದ್ದ ಹಾಗೆ ಹೇಳಿದೆ ಕಣೇ, ಒಬ್ಬರೂ ನಂಬಲಿಲ್ವಲ್ಲ" ಎಂದರು. ದನಿ ಸೋತಿತ್ತು.

"ನಾನು ನಂಬಿದೀನಲ್ಲ, ಬಿಡಿ."

ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಒಂದು ಮಾತು ನನ್ನ ಬಾಯಿಗೆ ಬಂತು. ನಾಚಿಕೆಯಾದರೂ ಹೇಳಿದೆ: "ರೀ, ನಿಮ್ ಪಕ್ಕ ಕೂತ್ರೆ ನಂಗೆ ಯಾವತ್ತೂ ಭಯ ಆಗಲ್ಲ."

ರಸ್ತೆಯಿಂದ ಕಣ್ಣು ತೆಗೆಯದೆ ಅವರು ಕೇಳಿದರು: "ಸೀಟ್ ಬೆಲ್ಟ್ ಸರಿಯಾಗಿ ಹಾಕ್ಕೊಂಡಿದೀಯಾ?"